ಲೂಪ್‌ನಲ್ಲಿ ಒಂದೇ ಕೀರಲು ದನಿ: ಹೀಗೆ ಮಾಡಿ ನೋಡಿ

ಎಲ್‌ಎಂ386 ಅನ್ನೋ ಪುಟ್ಟ ಆಡಿಯೋ ಆಂಪ್ಲಿಫೈಯರ್ ಚಿಪ್‌ನ ಔಟ್‌ಪುಟ್ಟನ್ನು ಅದರ ಇನ್‌ಪುಟ್‌ಗೇ ಕೊಟ್ಟೆ, ಒಂದೇ ಕೀರಲು ದನಿ ಬರ್ತಿದೆ, ಬದಲಾಗ್ತಾನೇ ಇಲ್ಲ ಅಂದಿದ್ದೀರಿ. ಸುಮ್ನೆ ತಂತಿ ಜೋಡಿಸಿದರೆ ಹಾಗೇ ಆಗೋದು.

9 ವೋಲ್ಟ್ ಬ್ಯಾಟರಿಯಲ್ಲಿ ಆ ಔಟ್‌ಪುಟ್ ಸುಮಾರು 4.5 ವೋಲ್ಟ್‌ನಲ್ಲಿ ನಿಂತಿರುತ್ತದೆ. ಇನ್‌ಪುಟ್ ತಾಳಿಕೊಳ್ಳೋದು 0.4 ವೋಲ್ಟ್ ಮಾತ್ರ. ಹಾಗಾಗಿ ಆ ನಿಂತ ವೋಲ್ಟೇಜನ್ನು ತಡೆದು ದನಿಯ ಸಿಗ್ನಲ್ ಮಾತ್ರ ಬಿಡುವ ಒಂದು ಕೆಪಾಸಿಟರ್ ನಡುವೆ ಬೇಕೇ ಬೇಕು. ಅದರ ನಂತರ 100 ಕಿಲೋ ಓಮ್ ರೆಸಿಸ್ಟರ್, ಆಮೇಲೆ 10 ಕಿಲೋ ಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ ಸಿಗ್ನಲ್ ತಗ್ಗಿಸಿ. ಯಾವ ಫ್ರೀಕ್ವೆನ್ಸಿ ಸಲೀಸಾಗಿ ಸುತ್ತು ಹೊಡೆಯುತ್ತದೋ ಅದೇ ಕೇಳಿಸುವುದು. ಕೆಪಾಸಿಟರ್ ಬದಲಿಸಿ ನೋಡಿ, ಶ್ರುತಿಯೂ ಬದಲಾಗುತ್ತದೆ.

1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಗೇನ್ (ಸಿಗ್ನಲ್ ಹಿಗ್ಗುವ ಪಟ್ಟು) 200, ಇಲ್ಲದಿದ್ದರೆ 20. ಮೊದಲು ಆ ಕೆಪಾಸಿಟರ್ ತೆಗೆದೇ ಇಡಿ.

ನಿಜವಾದ ಮಜಾ ಎರಡನೇ ಚಿಪ್ ಹಾಕಿ, ಹೀಗೇ ತಗ್ಗಿಸಿ, ಒಂದರ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್‌ಗೆ ಜೋಡಿಸಿದಾಗ. ಎರಡೂ ಜಗಳಕ್ಕೆ ಬೀಳುತ್ತವೆ! ಜಪಾನಿನ ಸಂಗೀತಗಾರ ತೊಶಿಮಾರು ನಕಮುರಾ ಅವರು ಹೊರಗಿನ ಯಾವ ದನಿಯನ್ನೂ ಕೊಡದೆ, ಹೀಗೇ ಔಟ್‌ಪುಟ್ಟನ್ನು ಇನ್‌ಪುಟ್‌ಗೇ ಚುಚ್ಚಿದ ಸೌಂಡ್ ಮಿಕ್ಸರ್‌ನಿಂದಲೇ ಕಛೇರಿ ಕೊಡುತ್ತಾರೆ, ಅಲ್ವಾ?

ಹೆಡ್‌ಫೋನ್ ಮಾತ್ರ ಹಾಕಬೇಡಿ. ದನಿ ಯಾವಾಗ ಏರುತ್ತದೋ ಹೇಳಲಾಗದು. ಚಿಕ್ಕ ಸ್ಪೀಕರ್ ಸಾಕು.