ಎಡಸ್ತನದ ರೇಡಿಯೇಷನ್: ಮಲಗಿಸುವುದಕ್ಕೇ ಅಷ್ಟು ಹೊತ್ತು ಏಕೆ?

ಅಮ್ಮನನ್ನು ಎಡಸ್ತನದ ಕ್ಯಾನ್ಸರಿನ ರೇಡಿಯೇಷನ್‌ಗೆಂದು (ಕಿರಣ ಚಿಕಿತ್ಸೆಗೆಂದು) ಪೆರ್ಲದಿಂದ ಮಂಗಳೂರಿಗೆ ಕರೆದೊಯ್ಯುತ್ತಿದ್ದೀರಿ. ಕಿರಣ ಹಾಯಿಸುವುದು ಕೆಲವೇ ನಿಮಿಷ, ಮಲಗಿಸಿ ಅತ್ತಿತ್ತ ಸರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಅಲ್ಲಿನವರಿಗೆ ಕೆಲಸ ಗೊತ್ತಿಲ್ಲವೇ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಕಡೆಯವಳು, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸದ ತಂತ್ರಜ್ಞೆ. ಗೊತ್ತಿರುವುದರಿಂದಲೇ ಅವರು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ.

ಚಿಕಿತ್ಸೆಗೆ ಮೊದಲು ಅಮ್ಮನಿಗೆ ಸಿಟಿ ಸ್ಕ್ಯಾನ್ ಮಾಡಿರುತ್ತಾರೆ. ಕಿರಣದ ಕೋನ, ಪ್ರಮಾಣ ಎಲ್ಲವೂ ಅಂದು ಅವರು ಮಲಗಿದ್ದ ಭಂಗಿಗೆ ಹಾಕಿದ ಲೆಕ್ಕ. ಪ್ರತಿ ಸಲವೂ ಅದೇ ಭಂಗಿ ಬರಬೇಕು. ಮುರಕಲ್ಲಿನ ಗೋಡೆಗೆ ಮೇಸ್ತ್ರಿ ನೂಲು ಹಿಡಿಯುವಂತೆ ನಾವು ಲೇಸರ್ ಗೆರೆಗಳನ್ನು ಮೈಮೇಲಿನ ಗುರುತುಗಳಿಗೆ ಹೊಂದಿಸುತ್ತೇವೆ. ಆದರೆ ಚರ್ಮ ಸಡಿಲ, ಸ್ತನ ಇನ್ನೂ ಸಡಿಲ. ತೋಳು ತುಸು ಕೆಳಗಿಳಿದರೂ ಗುರುತು ಜರುಗುತ್ತದೆ, ಒಳಗಿನ ಪಕ್ಕೆಲುಬು ಇದ್ದಲ್ಲೇ ಇರುತ್ತದೆ. ಆದ್ದರಿಂದಲೇ ಯಂತ್ರದಲ್ಲಿ ಚಿತ್ರ ತೆಗೆದು, ಎದೆಗೂಡಿನ ಗೆರೆಯನ್ನು ಮೊದಲ ಸ್ಕ್ಯಾನಿನೊಂದಿಗೆ ಹೋಲಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಮೇಜನ್ನು ಸರಿಸುತ್ತೇವೆ.

ಎಡಭಾಗವಾದರೆ ಎದೆಗೂಡಿನ ಹಿಂದೆಯೇ ಹೃದಯವಿದೆ. ಸ್ವೀಡನ್ ಮತ್ತು ಡೆನ್ಮಾರ್ಕಿನ ಮಹಿಳೆಯರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಕ್ಕೆ ತಗಲುವ ಕಿರಣದ ಸರಾಸರಿ ಪ್ರಮಾಣ ಒಂದೊಂದು ಗ್ರೇ (ಕಿರಣದ ಪ್ರಮಾಣವನ್ನು ಅಳೆಯುವ ಮಾನ) ಹೆಚ್ಚಿದಂತೆ ಹೃದಯಾಘಾತದಂತಹ ಗಂಭೀರ ತೊಂದರೆಗಳ ಸಂಭವ ಶೇ 7.4ರಷ್ಟು ಏರುವುದು ಕಂಡುಬಂದಿತು. ಹೆದರಬೇಡಿ, ಅವರೆಲ್ಲ ಹಳೆಯ ಕಾಲದ ವಿಧಾನಗಳಲ್ಲಿ ಚಿಕಿತ್ಸೆ ಪಡೆದವರು. ಈಗ ಅನೇಕ ಕಡೆ ಆಳವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳುತ್ತಾರೆ. ಶ್ವಾಸಕೋಶ ತುಂಬಿದಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ, ಆ ಹೊತ್ತಿನಲ್ಲಷ್ಟೇ ಕಿರಣ. ಈ ಸೂಚನೆ ಅಮ್ಮನಿಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲೇ ಇರಬೇಕು. ತುಳುವಿನಲ್ಲಿ ಹೇಳಿದರೆ ಸಲೀಸು ಎಂದಾದರೆ ಹಾಗೆಯೇ ಕೇಳಿಕೊಳ್ಳಿ. ಕೇರಳದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವ, ಮಲಯಾಳ ಸರಾಗವಾಗಿ ಬಾರದ ನಮ್ಮ ಹೆಂಗಸರಿಗೂ ನಾನು ಹೇಳುವುದು ಇದನ್ನೇ: ಮೊದಲ ದಿನವೇ ಬಾಯಿಬಿಟ್ಟು ಕೇಳಿ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ಗಂಟುಗಳನ್ನು) ತೆಗೆಸಿಕೊಂಡವರಿಗೆ ಭುಜ ಬಿಗಿಯುತ್ತದೆ; ತೋಳು ತಲೆಯ ಮೇಲಕ್ಕೆ ಹೋಗದಿದ್ದರೆ ಭಂಗಿಯೇ ಸಿಗದು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಚಿಕಿತ್ಸೆ ಮುಗಿದ ಮೇಲೂ ಬಿಡಬಾರದು. ನಮ್ಮ ಕರಾವಳಿಯ ಬೆವರಿಗೆ ಶಾಯಿಯ ಗುರುತು ಬೇಗ ಅಳಿಯುತ್ತದೆ. ಅಳಿದರೆ ತಿಳಿಸಿ, ಪೆನ್ನು ಹಿಡಿದು ನೀವೇ ತಿದ್ದಬೇಡಿ. ಬಸ್ಸಿನಲ್ಲಿ ನಿಂತು ಬಂದು ಏದುಸಿರು ಬಿಡುತ್ತಾ ಮೇಜು ಹತ್ತುವ ಬದಲು ಸ್ವಲ್ಪ ಹೊತ್ತು ಕುಳಿತು ಸುಧಾರಿಸಿಕೊಳ್ಳಲಿ.

ನನಗೆ ಹೆಚ್ಚು ಸಂಕಟವಾಗುವುದು ನಾಚಿಕೆಯನ್ನು ನೋಡಿದಾಗ. ಎದೆ ತೆರೆದು ಮಲಗಬೇಕೆಂದಾಗ ನಮ್ಮ ಅಮ್ಮಂದಿರು ಮೈಯನ್ನು ಮರದಂತೆ ಬಿಗಿದುಕೊಳ್ಳುತ್ತಾರೆ, ಸೆರಗನ್ನು ಬೆನ್ನಿನಡಿ ಸಿಕ್ಕಿಸುತ್ತಾರೆ. ಆ ಬಿಗಿತ ನಿಧಾನವಾಗಿ ಸಡಿಲಿದಂತೆ ಭುಜ ಇಳಿದು, ಹೊಂದಿಸಿದ್ದೆಲ್ಲ ತಪ್ಪುತ್ತದೆ. ಮಹಿಳಾ ಸಿಬ್ಬಂದಿ ಬೇಕೆಂದು ಕೇಳಲು ಸಂಕೋಚಪಡಬೇಡಿ. ಮುಂದೆ ಗುಂಡಿಯಿರುವ ಸಡಿಲ ಅಂಗಿ ಹಾಕಿಸಿ. ನಾವು ಸರಿಸುವಾಗ ಅವರು ನೆರವಾಗಲೆಂದು ತಾವೇ ಸೊಂಟ ಎತ್ತುವುದು ಬೇಡ, ಮೈಯನ್ನು ನಮ್ಮ ಕೈಗೆ ಬಿಟ್ಟರೆ ಸಾಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ವೈದ್ಯರನ್ನು ನೇರವಾಗಿ ಕೇಳಿ: ಭಂಗಿ ಪರೀಕ್ಷಿಸುವ ಚಿತ್ರವನ್ನು ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ, ಅಮ್ಮನ ಹೃದಯಕ್ಕೆ ಎಷ್ಟು ಪ್ರಮಾಣ ತಗಲುತ್ತಿದೆ? ಎರಡಕ್ಕೂ ಉತ್ತರ ಅವರ ದಾಖಲೆಯಲ್ಲಿರುತ್ತದೆ. ನಡುವೆ ಸ್ತನ ಊದಿಕೊಂಡರೆ ಅಥವಾ ನೀರು ತುಂಬಿದಂತೆ ಅನಿಸಿದರೆ ಅಂದೇ ಹೇಳಿ, ಆಕಾರ ಬದಲಾದರೆ ಕೆಲವೊಮ್ಮೆ ಮತ್ತೆ ಸ್ಕ್ಯಾನ್ ಮಾಡಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.