ಬಕೆಟ್ ತಳದ ಕೆಂಪು, ಮಳೆಗಾಲದ ಬಾವಿ: ಕೊಡಗಿನ ಓದುಗರ ನೀರಿನ ಪ್ರಶ್ನೆಗಳು

ಪ್ರಶ್ನೆ: ಬೋರ್‌ವೆಲ್ ತೆಗೆಸಿ ಎರಡು ವರ್ಷ ಆಯಿತು. ನೀರು ಬರುವಾಗ ಕನ್ನಡಿ ಹಾಗಿರುತ್ತದೆ. ರಾತ್ರಿ ಬಕೆಟ್‌ನಲ್ಲಿ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಪುಡಿ. ಬಿಳಿ ಬಟ್ಟೆಯೆಲ್ಲ ಹಳದಿ. ಆರ್‌ಒ ಫಿಲ್ಟರ್ ಮಾರುವವರು ಬಂದು ಎರಡು ಸರಳಿನ ಯಂತ್ರ ಅದ್ದಿ ತೋರಿಸಿದರು. ನಮ್ಮ ನೀರು ಕೆಸರಾಯಿತು, ಅವರ ಬಾಟಲಿ ನೀರು ಹಾಗೇ ಇತ್ತು. ಹೆದರಿ ಆರ್‌ಒ ಹಾಕಿಸಿದೆವು. ಎರಡೇ ತಿಂಗಳಿಗೆ ಕಟ್ಟಿಕೊಂಡಿದೆ. ಮುಂದೇನು?
(ಸೋಮವಾರಪೇಟೆ ಕಡೆಯ ಓದುಗರು)

ಉತ್ತರ: ಮೊದಲು ಆ ಯಂತ್ರದ ವಿಚಾರ ಮುಗಿಸಿಬಿಡೋಣ. ಕೆಸರು ಬಂದದ್ದು ನಿಮ್ಮ ನೀರಿನಿಂದಲ್ಲ, ಸರಳಿನಿಂದ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣದ ಸರಳು ಕರಗಿ ಕೆಸರಿನಂತೆ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಅಲ್ಲಿ ಹೆಚ್ಚೇನೂ ಆಗುವುದಿಲ್ಲ. ಮತ್ತೆ ಯಾರಾದರೂ ಆ ಯಂತ್ರ ಹಿಡಿದು ಬಂದರೆ ಅವರ ಬಾಟಲಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಈಗ ಅದ್ದಿ ನೋಡೋಣ ಎನ್ನಿ. ಅದೂ ಕೆಸರಾಗುತ್ತದೆ. ನಾನೊಮ್ಮೆ ಹಾಗೆ ಮಾಡಿದ್ದೆ. ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋದರು.

ನಿಮ್ಮ ನೀರಿನಲ್ಲಿ ಕಬ್ಬಿಣ ಇರುವುದೇನೋ ನಿಜ. ನೆಲದಾಳದಲ್ಲಿ ಗಾಳಿ ಇಲ್ಲದ ಕಡೆ ಕಬ್ಬಿಣ ಬಣ್ಣವಿಲ್ಲದೆ ಕರಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೇ ಬಟ್ಟೆ ಕಲೆಯಾಗಬಹುದು. ಆರೋಗ್ಯಕ್ಕೆ ಇದು ದೊಡ್ಡ ಅಪಾಯವಲ್ಲ, ತೊಂದರೆ ಇರುವುದು ರುಚಿ, ಬಟ್ಟೆ ಮತ್ತು ಪೈಪಿಗೆ. ಆದರೆ ಆರ್‌ಒ ಪೊರೆಗೆ ಇದೇ ಶತ್ರು. ತುಕ್ಕು ಪೊರೆಯ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತದೆ. ನಿಮ್ಮಲ್ಲಿ ಆಗಿರುವುದೂ ಅದೇ ಇರಬೇಕು.

ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ. ಮೋಟಾರು ಹತ್ತು ನಿಮಿಷ ಓಡಿದ ಮೇಲೆ ಬೋರಿನ ಬಾಯಲ್ಲೇ ಒಂದು ಗಾಜಿನ ಲೋಟ ನೀರು ಹಿಡಿಯಿರಿ. ಇನ್ನೊಂದು ಲೋಟ ಅಡುಗೆಮನೆ ನಲ್ಲಿಯಿಂದ, ಬೆಳಿಗ್ಗೆ ಎದ್ದ ಕೂಡಲೇ. ಎರಡಕ್ಕೂ ಸ್ವಲ್ಪ ತಣ್ಣಗಿನ ಚಹಾ ಡಿಕಾಕ್ಷನ್ ಬೆರೆಸಿ. ಕಬ್ಬಿಣ ಜಾಸ್ತಿ ಇದ್ದರೆ ನೀರು ಶಾಯಿಯಂತೆ ಕಪ್ಪಾಗುತ್ತದೆ. ನಲ್ಲಿಯದು ಮಾತ್ರ ಕಪ್ಪಾದರೆ ಬೋರಿನ ತಪ್ಪಲ್ಲ, ಹಳೆಯ ಜಿಐ (ಸತು ಬಳಿದ ಕಬ್ಬಿಣದ) ಪೈಪ್ ತುಕ್ಕು ಬಿಡುತ್ತಿದೆ. ಫ್ಲಶ್ ಟ್ಯಾಂಕಿನೊಳಗೆ ಬೆರಳು ಹಾಕಿದಾಗ ಕಿತ್ತಳೆ ಬಣ್ಣದ ಲೋಳೆ ಸಿಕ್ಕರೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಬೋರಿಗೇ ಕ್ಲೋರಿನ್ ಕೊಡಿಸಬೇಕಾಗುತ್ತದೆ.

ಎರಡೂ ಕಪ್ಪಾದರೆ ನೀರನ್ನು ಶವರ್‌ನಿಂದ ಸುರಿಸಿ ಗಾಳಿ ತಾಗಿಸಿ, ತಂಗಲು ಬಿಟ್ಟು, ಮರಳಿನಲ್ಲಿ ಸೋಸಬೇಕು. ಇದು ಹಳೆಯ ಉಪಾಯ, ಎಲ್ಲರೂ ಹೇಳುತ್ತಾರೆ. ಆದರೆ ಕೊಡಗಿನಲ್ಲಿ ಇದನ್ನು ಮಾಡಿದ ಹಲವರು "ಶವರ್ ಹಾಕಿದರೂ ಕೆಂಪು ಹೋಗಲಿಲ್ಲ" ಎನ್ನುತ್ತಾರೆ. ಕಾರಣ ನಮ್ಮ ನೀರಿನ ಹುಳಿ. ಇಲ್ಲಿಯ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಕೆಳಗಿನ ಬಂಡೆಯಲ್ಲೂ ಸುಣ್ಣ ಕಡಿಮೆ. ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೀರಲ್ಲ, ಕಾರಣ ಅದೇ. ಹುಳಿಯನ್ನು ಪಿಎಚ್ ಅಂಕದಲ್ಲಿ ಅಳೆಯುತ್ತಾರೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರಬೇಕೆಂದು ಐಎಸ್ 10500 ಎಂಬ ಭಾರತೀಯ ಮಾನದಂಡ ಹೇಳುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ತುಕ್ಕಾಗುವ ವೇಗ ಸುಮಾರು ನೂರು ಪಟ್ಟು ಕುಸಿಯುತ್ತದೆ. ಹಾಗಾಗಿ ಹುಳಿ ನೀರಿಗೆ ಗಾಳಿ ತಾಗಿದರೂ ಕಬ್ಬಿಣ ಕರಗಿದಂತೆಯೇ ಮರಳು ದಾಟಿ, ಆಮೇಲೆ ನಿಮ್ಮ ಬಕೆಟ್‌ನಲ್ಲಿ ನಿಧಾನಕ್ಕೆ ಕೆಂಪಾಗುತ್ತದೆ.

ಅದಕ್ಕೆ ಎರಡು ಡ್ರಮ್ ತಂದು, ಮೊದಲನೆಯದರ ಮೇಲೆ ತೂತಿನ ತಟ್ಟೆ ಇಟ್ಟು ಅದರಲ್ಲಿ ಅಮೃತಶಿಲೆಯ ಚೂರು ತುಂಬಿ. ಅದು ಸುಣ್ಣದ ಕಲ್ಲೇ, ನೀರಿನ ಹುಳಿ ಇಳಿಸುತ್ತದೆ. ಮಾರ್ಬಲ್ ಕೆಲಸ ಮಾಡುವಲ್ಲಿ ಒಡೆದ ತುಂಡು ಸಿಗುತ್ತದೆ. ಒಂದು ಹನಿ ಆ್ಯಸಿಡ್ ಬಿದ್ದರೆ ನೊರೆ ಬರಬೇಕು, ಬಾರದಿದ್ದರೆ ಅದು ಗ್ರಾನೈಟೋ ಟೈಲ್ಸೋ, ಪ್ರಯೋಜನವಿಲ್ಲ. ಶವರ್‌ನಿಂದ ಅದರ ಮೇಲೆ ನೀರು ಬೀಳಲಿ. ರಾತ್ರಿಯಿಡೀ ತಂಗಿದ ನೀರು ಬೆಳಿಗ್ಗೆ ಎರಡನೇ ಡ್ರಮ್ಮಿನಲ್ಲಿ ಎರಡು ಅಡಿ ತೊಳೆದ ಮರಳು, ಅದರಡಿಯ ಜಲ್ಲಿ ದಾಟಿ ಬರಲಿ. ಮೊದಲ ಡ್ರಮ್ಮಿನ ನಲ್ಲಿ ತಳದಿಂದ ಅರ್ಧ ಅಡಿ ಮೇಲಿರಲಿ, ಕೆಸರು ಕೆಳಗೇ ಉಳಿಯುತ್ತದೆ. ಹರಿವು ನಿಧಾನವಾದಾಗ ಮರಳಿನ ಮೇಲಿನ ಪದರ ತೆಗೆದು ತೊಳೆಯಿರಿ. ಶಿಲೆ ಕರಗುತ್ತಾ ಹೋಗುತ್ತದೆ, ಆಗಾಗ ಸೇರಿಸಬೇಕು. ಇದು ಕಬ್ಬಿಣಕ್ಕೆ ಮಾತ್ರ, ಕುಡಿಯುವ ನೀರನ್ನು ಕುದಿಸುವುದು ತಪ್ಪುವುದಿಲ್ಲ.

ಪ್ರಶ್ನೆ: ಗದ್ದೆ ಬದಿಯ ತೆರೆದ ಬಾವಿ ನಮ್ಮದು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ನೀರು ಕಲಕಿ ಮೇಲೆ ಬರುತ್ತದೆ, ಮಕ್ಕಳಿಗೆ ಭೇದಿ. ಯುವಿ ಫಿಲ್ಟರ್ ಇದೆ, ಆದರೆ ಕರೆಂಟ್ ಮೂರು ನಾಲ್ಕು ದಿನ ಇರುವುದಿಲ್ಲ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
(ನಾಪೋಕ್ಲು ಕಡೆಯ ಓದುಗರು)

ಉತ್ತರ: ಕರೆಂಟ್ ಇದ್ದರೂ ಕಲಕಿದ ನೀರಿನಲ್ಲಿ ಯುವಿ ಬೆಳಕು ಸೂಕ್ಷ್ಮಾಣುಗಳನ್ನು ತಲುಪುವುದಿಲ್ಲ. ಮಳೆಗಾಲದಲ್ಲಿ ಒಲೆಯನ್ನೇ ನಂಬಿ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಅಷ್ಟು ಸಾಕು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ.

ಬಾವಿಯ ಲೆಕ್ಕ ಸುಲಭ. ಅಡಿ ಲೆಕ್ಕದಲ್ಲಿ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರು ಅಡಿ ಅಗಲದ ಬಾವಿಯಲ್ಲಿ ಹನ್ನೆರಡು ಅಡಿ ನೀರಿದ್ದರೆ ಸುಮಾರು 9,500 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಪೌಡರ್, ಅಂದರೆ 24 ಗ್ರಾಂ. ಇದು ತಿಳಿನೀರಿನ ಲೆಕ್ಕ. ಕಲಕಿದ ನೀರಿನಲ್ಲಿ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ, ದುಪ್ಪಟ್ಟು ಬೇಕಾದೀತು. ಪೌಡರನ್ನು ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಆ ಬಕೆಟನ್ನು ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ನಮ್ಮ ತೇವಕ್ಕೆ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೋದ ವರ್ಷದ ಅರ್ಧ ಚೀಲ ಬೇಡ, ಸಣ್ಣ ಪ್ಯಾಕೆಟ್ ತನ್ನಿ.

ಕೊಳೆ ಎಲ್ಲಿಂದ ಬರುತ್ತಿದೆ ಎಂದೂ ನೋಡಿ. ಶೌಚದ ಗುಂಡಿ ಬಾವಿಗಿಂತ ಮೇಲೆ, 15 ಮೀಟರಿನೊಳಗೆ ಇದ್ದರೆ ಮಳೆಗಾಲದಲ್ಲಿ ನೆಲದ ನೀರು ಏರಿ ಎರಡೂ ಒಂದಾಗುತ್ತವೆ. ಪಂಚಾಯಿತಿಯಲ್ಲಿ ಪರೀಕ್ಷಾ ಬಾಟಲಿ ಕೇಳಿ. ಗೆರೆಯವರೆಗೆ ನೀರು ತುಂಬಿ ಇಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕು ಇದೆಯೆಂದು ಲೆಕ್ಕ. ಕಕ್ಕಡದ ಚಳಿಯಲ್ಲಿ ಬಾಟಲಿಯನ್ನು ಕಿಟಕಿಯಲ್ಲಿಟ್ಟರೆ ಬ್ಯಾಕ್ಟೀರಿಯಾ ಬೆಳೆಯದೆ "ನೀರು ಚೆನ್ನಾಗಿದೆ" ಎಂಬ ಸುಳ್ಳು ಉತ್ತರ ಬರುತ್ತದೆ. ಒಲೆಯ ಹತ್ತಿರ, ಕೈಗೆ ಬೆಚ್ಚಗೆನಿಸುವ ಜಾಗದಲ್ಲಿಡಿ.

ಪ್ರಶ್ನೆ: ಮೇಲಿನ ತೋಟದಲ್ಲಿ ಜನವರಿಯಲ್ಲಿ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ಶುರುವಾದರೆ ನಮ್ಮ ಬಾವಿ ನೀರು ವಾಸನೆ. ಯಾವ ಫಿಲ್ಟರ್ ಹಾಕಲಿ?
(ಸಿದ್ದಾಪುರ ಕಡೆಯ ಓದುಗರು)

ಉತ್ತರ: ಯಾವುದೂ ಬೇಡ. ಹಣ್ಣಿನ ಸಿಪ್ಪೆಯ ಸಕ್ಕರೆ ಕೊಳೆತು ಹುಳಿಯಾಗಿ ನೀರಿನ ಆಮ್ಲಜನಕ ತಿನ್ನುತ್ತದೆ. ಇದನ್ನು ಅಡುಗೆಮನೆಯ ಡಬ್ಬಿಯಿಂದ ಸರಿಮಾಡಲಾಗದು. ಪಲ್ಪರ್ ನೀರನ್ನು ತೋಡಿಗೋ ಬರಿ ಮಣ್ಣಿನ ಗುಂಡಿಗೋ ಬಿಡದೆ, ನೀರು ಇಂಗದ ತೊಟ್ಟಿಯಲ್ಲಿ ಸುಣ್ಣ ಹಾಕಿ ಸಂಸ್ಕರಿಸಬೇಕಾದವರು ಅವರು. ಮೊದಲು ನೆರೆಯವರ ಹತ್ತಿರ ಮಾತಾಡಿ, ಒಂದು ಬಾಟಲಿ ನೀರು ಜೊತೆಗೊಯ್ಯಿರಿ, ವಾದಕ್ಕಿಂತ ವಾಸನೆ ಚೆನ್ನಾಗಿ ಹೇಳುತ್ತದೆ. ಒಪ್ಪದಿದ್ದರೆ ಪಂಚಾಯಿತಿ, ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ. ಅಲ್ಲಿಯವರೆಗೆ ಆ ಬಾವಿ ನೀರು ಕುಡಿಯಬೇಡಿ. ಪಲ್ಪಿಂಗ್ ನಿಂತ ಮೇಲೆ ಎರಡು ಮೂರು ಸಲ ಬಾವಿ ಬತ್ತಿಸಿ, ಕ್ಲೋರಿನ್ ಹಾಕಿ.

ಪ್ರಶ್ನೆ: ಒರತೆಯಿಂದ ಕಪ್ಪು ಪೈಪಿನಲ್ಲಿ ಬರುವ ನೀರು. ಮೀಟರ್ ಅದ್ದಿದರೆ ಟಿಡಿಎಸ್ (ಲೀಟರಿನಲ್ಲಿ ಕರಗಿದ ಲವಣದ ಮಿಲಿಗ್ರಾಂ) 38. ಒಳ್ಳೆಯದೋ ಕೆಟ್ಟದ್ದೋ?
(ಭಾಗಮಂಡಲ ಕಡೆಯ ಓದುಗರು)

ಉತ್ತರ: ಲವಣದ ಮಟ್ಟಿಗೆ ಒಳ್ಳೆಯದು. 500 ದಾಟದ ನೀರಿಗೆ ಉಪ್ಪು ತೆಗೆಯಲು ಆರ್‌ಒ ಬೇಕಿಲ್ಲ. ಆದರೆ ಆ ಮೀಟರಿಗೆ ಸೂಕ್ಷ್ಮಾಣು ಕಾಣುವುದಿಲ್ಲ. ಒರತೆಯ ಬಾಯಿಗೆ ದನ, ಹಂದಿ ಬಾರದಂತೆ ಕಲ್ಲು ಕಟ್ಟಿ ಮುಚ್ಚಿ, ಕುದಿಸಿ ಕುಡಿಯಿರಿ. ಇಷ್ಟು ಮೆದುವಾದ, ಬಹುಶಃ ಹುಳಿಯೂ ಆದ ನೀರು ಲೋಹವನ್ನು ತಿನ್ನುತ್ತದೆ. ಮನೆಯೊಳಗಿನ ಪೈಪ್ ಬದಲಿಸುವಾಗ ಜಿಐ ಬೇಡ, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿ.