ಕೇಳೋದು ಅಂದರೆ ಯಾವ ಕೇಳೋದು?

(ಪ್ರಾರ್ಥನೆಯ ವಿಷಯದಲ್ಲಿ ಮಾರ್ಗದರ್ಶನ ಕೇಳಿ ನನ್ನ ಹತ್ತಿರ ಬಂದ ಒಬ್ಬ ಕ್ರೈಸ್ತ ಮಹಿಳೆಯ ಕಥೆ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ದಿನ ಬಂದಾಗ ಆಕೆಯ ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ ಇತ್ತು. ಪುಟಪುಟಕ್ಕೂ ಗೆರೆ ಎಳೆದು ಮೂರು ಕಾಲಂ ಮಾಡಿದ್ದರು: ತಾರೀಖು, ಬೇಡಿಕೆ, ಉತ್ತರ. ಮೊದಲೆರಡು ತುಂಬಿದ್ದವು. ಮೂರನೆಯದು ಬಹುತೇಕ ಖಾಲಿ.

"ಎಂಟು ತಿಂಗಳಿಂದ ಒಂದೇ ವಿಷಯ ಕೇಳ್ತಾ ಇದ್ದೀನಿ. ಕೆಲಸ ಬಿಟ್ಟು ಪೂರ್ತಿ ದೇವರ ಸೇವೆಗೆ ಇಳೀಲಾ, ಬೇಡ್ವಾ ಅಂತ. ದೇವರು ಏನೂ ಹೇಳ್ತಾ ಇಲ್ಲ" ಎಂದರು.

"ಕೇಳ್ತಾ ಇದ್ದೀನಿ ಅಂದ್ರಲ್ಲ, ಅದು ಯಾವ ಕೇಳೋದು?" ಅಂದೆ.

ಆಕೆಗೆ ಅರ್ಥವಾಗಲಿಲ್ಲ. ನಮ್ಮ ಭಾಷೆಯಲ್ಲಿ ಈ ಒಂದು ಪದಕ್ಕೆ ಎರಡು ಕೆಲಸ. ಪ್ರಶ್ನೆ ಕೇಳುವುದೂ ಕೇಳುವುದೇ, ಹಾಡು ಕೇಳುವುದೂ ಕೇಳುವುದೇ. ಬೆಳಗಿನ ಒಂದು ಗಂಟೆಯ ಪ್ರಾರ್ಥನೆಯಲ್ಲಿ ಎರಡನೆಯದಕ್ಕೆ ಎಷ್ಟು ಸಮಯ ಹೋಗುತ್ತದೆ ಎಂದು ಕೂತು ಲೆಕ್ಕ ಹಾಕಿದೆವು. ಸ್ತೋತ್ರಕ್ಕೆ ಹತ್ತು ನಿಮಿಷ. ಬೇರೆಯವರಿಗಾಗಿ ಇಪ್ಪತ್ತು. ಸ್ವಂತ ಬೇಡಿಕೆಗೆ ಇಪ್ಪತ್ತು. ಒಂದು ಅಧ್ಯಾಯ ಓದಲು ಹತ್ತು. ಆಮೇಲೆ ಆಮೆನ್ ಹೇಳಿ ಎದ್ದುಬಿಡುವುದು. ಲೆಕ್ಕ ಮುಗಿದಾಗ ಆಕೆಯೇ ನಕ್ಕರು.

ಮುಂದೆ ಹೋಗುವ ಮೊದಲು ನಾನು ಯಾವತ್ತೂ ವಿಚಾರಿಸುವ ಕೆಲವು ಪ್ರಶ್ನೆಗಳಿವೆ. ನಿದ್ದೆ ಹೇಗಿದೆ? ಊಟ ಸೇರುತ್ತಾ? ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತಾ? ಯಾರೂ ಇಲ್ಲದಾಗ ಧ್ವನಿ ಕೇಳಿಸಿ, ಹೀಗೆ ಮಾಡು ಹಾಗೆ ಮಾಡು ಎಂದು ಒತ್ತಾಯಿಸುತ್ತಾ? ಹೌದು ಎಂದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಅದರಿಂದ ಯಾರ ವಿಶ್ವಾಸವೂ ಕಡಿಮೆಯಾಗುವುದಿಲ್ಲ. ಈಕೆಗೆ ಅಂಥದ್ದೇನೂ ಇರಲಿಲ್ಲ, ನಿದ್ದೆ ಮಾತ್ರ ಕಡಿಮೆ. ಬೈಬಲ್‌ನಲ್ಲಿ ಪ್ರವಾದಿ ಎಲೀಯನು ಸಾಯಬೇಕೆಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ ಮತ್ತು ನೀರು. ಅದೂ ಎರಡು ಸಲ. ಮಧ್ಯೆ ಮತ್ತೆ ನಿದ್ದೆ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಬಂದದ್ದು ಆಮೇಲೆ. ನಸುಕಿನ ಪ್ರಾರ್ಥನೆಯನ್ನು ಒಂದು ಗಂಟೆ ತಡವಾಗಿ ಮಾಡಿ ಎಂದೆ. ಆಕೆಗೆ ಇದು ಪಾಪದ ಹಾಗೆ ಕೇಳಿಸಿತು, ಮುಖದಲ್ಲೇ ಗೊತ್ತಾಯಿತು.

ಎರಡನೇ ಭೇಟಿಯಲ್ಲಿ ನಾನೇ ತಪ್ಪು ಮಾಡಿದೆ. ಮೌನದ ಬಗ್ಗೆ ಅರ್ಧ ಗಂಟೆ ಮಾತಾಡಿದೆ! ಆಕೆ ಪಾಪ, ತಲೆ ಆಡಿಸಿಕೊಂಡು ಕೂತಿದ್ದರು. ಕೊನೆಗೆ ಮಾತು ನಿಲ್ಲಿಸಿ, ಹನ್ನೆರಡನೇ ಶತಮಾನದ ಗಿಗೋ ಎಂಬ ಕಥೋಲಿಕ ಸನ್ಯಾಸಿ ವಿವರಿಸಿದ ಕ್ರಮವನ್ನು ಹೇಳಿಕೊಟ್ಟೆ. ಓದು, ಮನನ, ಪ್ರಾರ್ಥನೆ, ಆಮೇಲೆ ಸುಮ್ಮನೆ ದೇವರ ಮುಂದೆ ಇರುವುದು. "ಇದು ನಮ್ಮ ಸಭೆಯದ್ದಲ್ಲ, ಅಲ್ವಾ?" ಎಂದರು. ದೇವರ ವಾಕ್ಯ ಎಲ್ಲರದ್ದೂ ತಾನೇ ಎಂದೆ. ಆಕೆಗೆ ಕೊಟ್ಟ ಕೆಲಸ ಇಷ್ಟೇ. ನೋಟ್‌ಬುಕ್ ಬೇರೆ ಕೋಣೆಯಲ್ಲಿಡಬೇಕು. ಅಧ್ಯಾಯ ಬೇಡ, ನಾಲ್ಕೈದು ವಚನ ಸಾಕು. ಬಾಯಿಬಿಟ್ಟು, ನಿಧಾನವಾಗಿ, ಎರಡು ಸಲ. ಯಾವ ಮಾತು ಮನಸ್ಸಿಗೆ ತಗಲುತ್ತದೋ ಅಲ್ಲಿ ನಿಲ್ಲುವುದು. ಆಮೇಲೆ ಐದು ನಿಮಿಷ ಏನನ್ನೂ ಬೇಡದೆ ಕೂರುವುದು. ಮನಸ್ಸು ಅಲೆದರೆ ಜಗಳ ಬೇಡ, ಎಲ್ಲಿಗೆ ಹೋಯಿತು ಎಂದು ನೋಡಿಕೊಳ್ಳಿ. ಮತ್ತೆ ಮತ್ತೆ ಒಂದೇ ಕಡೆ ಹೋಗುತ್ತಿದ್ದರೆ ಅದನ್ನು ಅಡ್ಡಿ ಅಂದುಕೊಳ್ಳಬೇಡಿ.

ಓದಲು ಹೇಳಿದ್ದು 1 ಸಮುವೇಲ 3ನೇ ಅಧ್ಯಾಯದ ಭಾಗ, ಹುಡುಗ ಸಮುವೇಲನನ್ನು ದೇವರು ರಾತ್ರಿ ಕರೆಯುವ ಕಥೆ. ಭಾನುವಾರದ ಶಾಲೆಯಿಂದ ಎಲ್ಲರಿಗೂ ಗೊತ್ತಿರುವುದೇ. ತನ್ನನ್ನು ಕರೆದದ್ದು ಮುದಿ ಯಾಜಕ ಏಲಿ ಎಂದುಕೊಂಡು ಮೂರು ಸಲ ಅವನು ಏಲಿಯ ಹತ್ತಿರ ಓಡುತ್ತಾನೆ. ಕರೆದದ್ದು ಯಾರೆಂದು ಏಲಿಗೂ ಮೂರನೇ ಸಲಕ್ಕೇ ಹೊಳೆದದ್ದು. ಮತ್ತೆ ಕರೆದರೆ "ಹೇಳು, ನಿನ್ನ ದಾಸನು ಕೇಳುತ್ತಿದ್ದಾನೆ" ಅನ್ನು ಎಂದು ಏಲಿ ಹೇಳಿಕೊಡುತ್ತಾನೆ. ಆದರೆ ನಾವು ಮಕ್ಕಳಿಗೆ ಸಾಮಾನ್ಯವಾಗಿ ಆ ಉತ್ತರದಲ್ಲೇ ಕಥೆ ನಿಲ್ಲಿಸುತ್ತೇವೆ. ದೇವರು ಆಮೇಲೆ ಹೇಳಿದ ಮಾತು ಏಲಿಯ ಮನೆತನದ ಮೇಲಿನ ತೀರ್ಪು. ಸಮುವೇಲ ಬೆಳಗಿನ ತನಕ ಮಲಗಿದ್ದು, ಅದನ್ನು ತಿಳಿಸಲು ಹೆದರಿದ. ಕೇಳಿಸಿಕೊಂಡ ಮಾತು ಅವನಿಗೆ ಬೇಕಾಗಿದ್ದ ಮಾತಲ್ಲ.

ಮೂರನೇ ಭೇಟಿಗೆ ಆಕೆ ತಡವಾಗಿ ಬಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಈ ಸಲ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ನೋಟ್‌ಬುಕ್ ತೆರೆದು, ಮೂರನೇ ಕಾಲಂ ತುಂಬಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು ಸುಳ್ಳು" ಎಂದರು.

ಆಕೆಯ ಪ್ರಾರ್ಥನಾ ಗುಂಪಿನಲ್ಲಿ ವಾರವಾರ ಒಬ್ಬರಲ್ಲ ಒಬ್ಬರು, ದೇವರು ನನ್ನ ಹತ್ತಿರ ಮಾತಾಡಿದರು ಎಂದು ಸಾಕ್ಷಿ ಹೇಳುತ್ತಿದ್ದರು. ಒಂದು ದಿನ ಆಕೆಯ ಸರದಿ ಬಂತು. ಹೇಳಲು ಏನೂ ಇಲ್ಲ ಅನ್ನಲು ನಾಚಿಕೆಯಾಯಿತು. ಏನೋ ಕಟ್ಟಿ ಹೇಳಿದರು. ಎಲ್ಲರೂ ಹಲ್ಲೆಲೂಯ ಎಂದರು. ಈಗ ಐದು ನಿಮಿಷ ಸುಮ್ಮನೆ ಕೂತರೆ ಸಾಕು, ಮನಸ್ಸು ನೇರ ಅಲ್ಲಿಗೇ ಹೋಗುತ್ತದೆ. "ಕೆಲಸದ ವಿಷಯ ಕೇಳಿದ್ರೆ ದೇವರು ಇದನ್ನೇ ಎತ್ತುತ್ತಾರೆ ಅನ್ಸುತ್ತೆ. ಅದಕ್ಕೇ ನಾನು ಬಾಯಿ ಮುಚ್ತಾ ಇರ್ಲಿಲ್ವೇನೋ."

ಇದು ದೇವರ ಮಾತೋ, ಬರೀ ತಪ್ಪಿತಸ್ಥ ಭಾವವೋ ಎಂದು ನಾನು ತೀರ್ಪು ಕೊಡಲಿಲ್ಲ. ಪರೀಕ್ಷಿಸಿ ನೋಡಿ ಎಂದೆ. ಸತ್ಯವೇದಕ್ಕೆ, ಯೇಸುವಿನ ಸ್ವಭಾವಕ್ಕೆ ಒಪ್ಪುತ್ತದಾ? ನಿಮ್ಮನ್ನು ತುಳಿದು ನೀನು ಯಾತಕ್ಕೂ ಬಾರದವಳು ಎನ್ನುತ್ತದಾ, ಅಥವಾ ಮಾಡಬಹುದಾದ ಒಂದು ಕೆಲಸ ತೋರಿಸುತ್ತದಾ? ಮೊದಲಿನದಾದರೆ ನಂಬಬೇಡಿ. ಸಮುವೇಲನಿಗೆ ಏಲಿ ಇದ್ದಂತೆ, ನಿಮ್ಮನ್ನು ಬಲ್ಲ ಹಿರಿಯ ವಿಶ್ವಾಸಿ ಒಬ್ಬರ ಹತ್ತಿರ ಹೇಳಿಕೊಳ್ಳಿ. ಇನ್ನೊಂದು ಮಾತು: ಒಂದು ತಿಂಗಳು "ದೇವರು ಹೇಳಿದರು" ಎಂಬ ಪದವೇ ಬಳಸಬೇಡಿ. "ನನಗೆ ಹೀಗನಿಸುತ್ತಿದೆ" ಅನ್ನಿ.

ಕೆಲಸದ ಪ್ರಶ್ನೆಗೆ ನನ್ನ ಸಲಹೆ ತೀರಾ ಸಾದಾ. ಮನಸ್ಸು ಕುಗ್ಗಿದಾಗ, ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರ ಬದಲಿಸಬಾರದು ಎಂದು ಹದಿನಾರನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಎಂಬ ಕ್ರೈಸ್ತ ಗುರು ಹೇಳಿದ್ದರು. ಹಾಗಾಗಿ ಸದ್ಯಕ್ಕೆ ರಾಜೀನಾಮೆ ಬೇಡ. ಅಷ್ಟರಲ್ಲಿ ಸೇವೆಯಲ್ಲಿರುವ ಇಬ್ಬರು ಮೂವರ ಜೊತೆ ಮಾತಾಡಿ, ಮನೆಯ ಖರ್ಚಿನ ಲೆಕ್ಕ ನೋಡಿ, ಮನೆಯವರ ಮಾತು ಕೊನೆತನಕ ಕೇಳಿಸಿಕೊಳ್ಳಿ. ಬುದ್ಧಿಯನ್ನೂ ದೇವರೇ ಕೊಟ್ಟದ್ದಲ್ವಾ?

ನಾಲ್ಕನೇ ಭೇಟಿಯ ಹೊತ್ತಿಗೆ ಗುಂಪಿನ ಮುಖ್ಯಸ್ಥೆಗೆ ವಿಷಯ ಹೇಳಿಯಾಗಿತ್ತು. ಅವರು ಬೈಯಲಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು, ತಾವೂ ಒಮ್ಮೆ ಹಾಗೆ ಮಾಡಿದ್ದುಂಟು ಎಂದರಂತೆ. ಸೇವೆಗೆ ಇಳಿಯುವ ಬೇಡಿಕೆಯ ಮುಂದಿನ ಕಾಲಂ ಇನ್ನೂ ಖಾಲಿ. ಆ ಸುಳ್ಳು ಸಾಲನ್ನು ಆಕೆ ಹೊಡೆದು ಹಾಕಿರಲಿಲ್ಲ. ಪಕ್ಕದಲ್ಲಿ ಸಣ್ಣಕ್ಕೆ ಬರೆದಿದ್ದರು: "ಇದು ನಾನು ಹೇಳಿದ್ದು."